ಕಡ ತಂದ ಲಸಿಕೆ

2021ರ ಏಪ್ರಿಲ್ ಕೊನೆಯ ವಾರ. ಕೆನಡಾದ ಮಿಸಿಸಾಗಾದಲ್ಲಿ ನಮ್ಮ ಮನೆ ಹತ್ತಿರದ ಔಷಧದಂಗಡಿಯಲ್ಲಿ, ಶಾಂಪೂ ಬಾಟಲಿಗಳ ಪಕ್ಕ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಂಗಿ ತೋಳು ಮಡಚಿಕೊಂಡು ಕೂತಿದ್ದೆ. ಒಂಟಾರಿಯೊದಲ್ಲಿ ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆ ಹಾಕಿಸಿಕೊಳ್ಳುವ ವಯಸ್ಸನ್ನು ಆಗಷ್ಟೇ 40ಕ್ಕೆ ಇಳಿಸಿದ್ದರು, ನನಗೆ 46. ಸೂಜಿ ಚುಚ್ಚಿದ ಹುಡುಗಿ, "ಇದು ಅಮೆರಿಕದವರು ಸಾಲ ಕೊಟ್ಟದ್ದು" ಅಂದಳು.

ರಾತ್ರಿ ತಿಪಟೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. "ಇಂಜೆಕ್ಷನ್ನೂ ಕಡ ಕೊಡ್ತಾರೇನೋ?" ಎಂದು ನಕ್ಕಳು. ಕಾಫಿಪುಡಿ, ಸಕ್ಕರೆ ಕಡ ತಂದು ತೀರಿಸಿ ಅವಳಿಗೆ ರೂಢಿ. ತೀರಿಸುವಾಗ ಲೋಟದ ಅಂಚಿಗಿಂತ ಒಂದು ಚಿಟಿಕೆ ಹೆಚ್ಚೇ ಇರಬೇಕು, ಪಕ್ಕದ ಮನೆಯ ಪಾತ್ರೆ ಬರಿದಾಗಿ ಹೋಗಬಾರದು.

ಮಾರ್ಚ್ 18ರಂದು ಶ್ವೇತಭವನ ಪ್ರಕಟಿಸಿದ ಸಾಲದ ಲೆಕ್ಕ ಇದು: ಮೆಕ್ಸಿಕೊಗೆ 25 ಲಕ್ಷ ಡೋಸ್, ಕೆನಡಾಕ್ಕೆ 15 ಲಕ್ಷ. ಆ ಲಸಿಕೆಗೆ ಅಮೆರಿಕದಲ್ಲೇ ಅನುಮತಿ ಸಿಕ್ಕಿರಲಿಲ್ಲ, ದಾಸ್ತಾನು ಸುಮ್ಮನೆ ಕೂತಿತ್ತು.

ಆಗ ನನಗೆ ನೆನಪಾದದ್ದು ಕಠೋಪನಿಷತ್ತಿನ ಅಪ್ಪ. ಯಜ್ಞ ಮಾಡಿ ಎಲ್ಲವನ್ನೂ ಕೊಡುತ್ತೇನೆಂದವನು ಅಟ್ಟಿದ್ದು ಹಾಲು ಬತ್ತಿದ ಮುದಿ ಹಸುಗಳನ್ನು. ಮಗ ನಚಿಕೇತ ತಡೆಯಲಾರದೆ, ನನ್ನನ್ನು ಯಾರಿಗೆ ಕೊಡುತ್ತೀಯ ಎಂದು ಕೇಳಿದ. ಕೊಟ್ಟರೆ ಕರುಳು ಚುರುಕ್ಕೆನ್ನಬೇಕು, ಆಗಲೇ ಅದು ದಾನ ಎಂಬುದು ಆ ಹುಡುಗನ ತಕರಾರು ಎಂದು ನಾನು ಓದಿಕೊಂಡಿದ್ದೆ.

ಆದರೆ ನನ್ನ ತೋಳಿಗಿಳಿದದ್ದು ಗೊಡ್ಡು ಹಸುವಲ್ಲ. ಅವರ ಮನೆಯಲ್ಲಿ ಯಾರೂ ಕುಡಿಯದ ಹಾಲು, ಅಷ್ಟೇ, ನನಗದು ಹಾಲೇ. ಕೊಟ್ಟವನಿಗೆ ನೋಯಲಿಲ್ಲವೆಂದು ಪಡೆದವನ ಹೊಟ್ಟೆ ತುಂಬದೇ ಇರುತ್ತದೆಯೇ? ನಚಿಕೇತ ಕೊಡುವವನ ಕಡೆಯಿಂದ ನೋಡಿದ. ಆ ಹಸುಗಳನ್ನು ಹೊಡೆದುಕೊಂಡು ಮನೆಗೆ ಹೋದವರ ಮುಖ ಉಪನಿಷತ್ತಿನಲ್ಲಿ ಕಾಣುವುದಿಲ್ಲ. ಹಾಗಂತ ಹುಡುಗನ ಪ್ರಶ್ನೆ ಸುಳ್ಳಾಗಲಿಲ್ಲ. ಗಡಿಯಾಚೆ, ಮಿಶಿಗನ್ನಿನ ಕಲಾಮಜೂನಲ್ಲಿ ಫೈಜರ್ ಲಸಿಕೆ ತಯಾರಾಗುತ್ತಿದ್ದಾಗ ಕೆನಡಾಕ್ಕೆ ಫೈಜರ್ ಬರುತ್ತಿದ್ದದ್ದು ಸಮುದ್ರ ದಾಟಿ, ಬೆಲ್ಜಿಯಂನಿಂದ. ಕರೆಯುವ ಹಸು ಕೊಟ್ಟಿಗೆಯಲ್ಲೇ ಇತ್ತು.

ಸಾಲ ಎಂಬ ಮಾತು ಮಾತ್ರ ನನಗೆ ಹಿಡಿಸಿತು. ದಾನವಾದರೆ ಪಡೆದ ಕೈ ಕೆಳಗೆ. ಕಡವಾದರೆ ಬೇಲಿಯ ಎರಡೂ ಕಡೆ ಒಂದೇ ಎತ್ತರ, ನಾಳೆ ನನ್ನ ಡಬ್ಬಿಯಲ್ಲೂ ಏನೋ ಇರುತ್ತದೆಂಬ ನಂಬಿಕೆ.

ಅಮ್ಮ ಹಾಕಿಸಿಕೊಂಡಿದ್ದ ಕೋವಿಶೀಲ್ಡ್ ಕೂಡ ಇದೇ ಆಸ್ಟ್ರಾಜೆನೆಕಾ ಲಸಿಕೆ, ಪುಣೆಯಲ್ಲಿ ತಯಾರಾದದ್ದು. ಮೇ ತಿಂಗಳಲ್ಲಿ ಎರಡನೇ ಡೋಸಿಗೆ ಹೋಗಿ, ಸ್ಟಾಕ್ ಇಲ್ಲ ಎಂಬ ಚೀಟಿ ನೋಡಿಕೊಂಡು ಬಿಸಿಲಲ್ಲಿ ಮನೆಗೆ ಬಂದಿದ್ದಳು. ಮಾರ್ಚ್‌ನಲ್ಲಿ ಪುಣೆಯಿಂದ ಕೆನಡಾಕ್ಕೆ 5 ಲಕ್ಷ ಡೋಸ್ ಬಂದಿತ್ತು ಎಂದು ಹೇಳಬೇಕೋ ಬೇಡವೋ ಎಂದು ತಡೆದು, ಕೊನೆಗೆ ಹೇಳಿದೆ.

"ಕಡ ಕೊಟ್ಟಿದ್ದಾ?" ಅಂದಳು.

"ಇಲ್ಲಮ್ಮ, ಇವರು ದುಡ್ಡು ಕೊಟ್ಟು ತಗೊಂಡಿದ್ದು."

"ಹಂಗಾದ್ರೆ ವಾಪಸ್ ಕೇಳೋ ಹಂಗಿಲ್ಲ ಬಿಡು."