ಮದ್ದಿಗೆ ಯಾರ ಮಾತು ಪ್ರಮಾಣ?

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಅಲ್ಲಿಯ ಬಂಡೆಯ ಮೇಲೆ. ಅದೇ ಅರಸನ ಒಂಬತ್ತನೆಯ ಬಂಡೆಶಾಸನ ರೋಗ ಬಂದಾಗ ಜನ, ಅದರಲ್ಲೂ ಹೆಂಗಸರು, ಮಾಡುವ ಮಂಗಲಕಾರ್ಯಗಳ ಮಾತೆತ್ತುತ್ತದೆ. ಮಾಡಲಿ, ಆದರೆ ಫಲ ಅಲ್ಪ ಎನ್ನುತ್ತದೆ. ಎರಡನೆಯದರಲ್ಲಿ ಅವನು ಜನರಿಗೂ ದನಕರುಗಳಿಗೂ ಬೇಕಾದ ಮದ್ದಿನ ಗಿಡಗಳನ್ನು ಇಲ್ಲದ ಕಡೆ ತರಿಸಿ ನೆಡಿಸಿದ್ದಾಗಿ ಹೇಳಿಕೊಳ್ಳುತ್ತಾನೆ. ಶಾಂತಿ ಬೇರೆ, ಮದ್ದು ಬೇರೆ. ನಮ್ಮ ಮನೆಗಳಲ್ಲಿ ಕೂಸಿನ ಮೂಗು ಕಟ್ಟಿದಾಗ ಎರಡೂ ಒಂದೇ ಕೈಯಿಂದ ಬರುತ್ತವೆ: ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ ಕೈಯೇ ಅಜವಾನದ ಗಂಟನ್ನು ಹಂಚಿನ ಮೇಲೆ ಬಿಸಿಮಾಡುತ್ತದೆ, ಮೂಗಿಗೆ ಎಣ್ಣೆ ಬಿಡುತ್ತದೆ. ಎಲ್ಲಕ್ಕೂ ಆಧಾರ ಒಂದೇ, ಹಿರಿಯರು ಹೇಳಿದ್ದಾರೆ.

ಆಪ್ತವಾಕ್ಯ ಪ್ರಮಾಣ ಎಂಬುದನ್ನು ಚರಕ ಸಂಹಿತೆಯೂ ಒಪ್ಪುತ್ತದೆ. ಆದರೆ ಆಪ್ತನೆಂದರೆ ರಜಸ್ತಮಗಳನ್ನು ಕಳೆದುಕೊಂಡು ಸಂಶಯವಿಲ್ಲದ ಜ್ಞಾನ ಪಡೆದವನು. ಪ್ರೀತಿಯೊಂದೇ ಆ ಅರ್ಹತೆ ಕೊಡುವುದಿಲ್ಲ. ಪ್ರತ್ಯಕ್ಷ, ಅನುಮಾನಗಳ ಪಕ್ಕದಲ್ಲಿ ಯುಕ್ತಿಯನ್ನೂ ಆ ಗ್ರಂಥ ಪ್ರಮಾಣವಾಗಿ ನಿಲ್ಲಿಸಿದೆ. ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಇನ್ನೂ ಬಿಗಿ: ಮದ್ದು ಕೊಟ್ಟಾಗ ಗುಣವಾಯಿತೆಂದರೆ ಸಾಲದು, ಕೊಡದಿದ್ದಾಗ ಏನಾಯಿತು ಎಂಬುದನ್ನೂ ನೋಡಬೇಕು. ನೆಗಡಿ ಸಾಮಾನ್ಯವಾಗಿ ಏಳೆಂಟು ದಿನಗಳಲ್ಲಿ ತಾನೇ ಇಳಿಯುತ್ತದೆ. ನಾಲ್ಕನೆಯ ದಿನ ಏನು ಕೊಟ್ಟರೂ ಹೆಸರು ಬರುವುದು ಅದಕ್ಕೇ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಇರುವ ನಂಟು ಇಷ್ಟೇ.

ತಲೆತಲಾಂತರದ ಅನುಭವ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ, ಅರೆಬರೆ. ಉಳಿದ ಮಕ್ಕಳು ಬೆಳೆದು ಆ ಮದ್ದನ್ನು ಹೊಗಳುತ್ತಾರೆ, ಉಳಿಯದವರು ಸಾಕ್ಷಿ ಹೇಳಲು ಬರುವುದಿಲ್ಲ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಲ್ಲದು. ಕರ್ಪೂರ ಎಳೆಯ ಮಕ್ಕಳಿಗೆ ಫಿಟ್ಸ್ ಬರಿಸಬಲ್ಲದು. ವರ್ಷ ತುಂಬದ ಕೂಸಿಗೆ ಜೇನು ಕೊಟ್ಟರೆ ಬೊಟುಲಿಸಂ ಎಂಬ ವಿಷಬಾಧೆಯ ಭಯ. ಬಿಸಿನೀರಿನ ಪಾತ್ರೆಯ ಮುಂದೆ ಹಬೆ ಹಿಡಿಸುವಾಗ ಸುಟ್ಟುಕೊಂಡ ಮಕ್ಕಳಿದ್ದಾರೆ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಮನೆಮದ್ದು ಬರೀ ರಾಸಾಯನಿಕವಲ್ಲ, ಎದೆಗವಚಿಕೊಂಡು ನಿದ್ದೆಗೆಟ್ಟವರ ಮಮತೆಯೂ ಅದರಲ್ಲಿದೆ. ಒಪ್ಪಲೇಬೇಕು. ಅದಕ್ಕೇ ದೃಷ್ಟಿ ತೆಗೆಯುವುದನ್ನು ನಾನು ಜರೆಯುವುದಿಲ್ಲ. ಮೆಣಸಿನಕಾಯಿಯ ಹೊಗೆ ಮಗುವಿನ ಮೂಗಿಗೆ ತಾಗದಿದ್ದರೆ ಅದು ಮನೆಯವರ ದಿಗಿಲು ಇಳಿಸುತ್ತದೆ. ಫಲ ಅಲ್ಪವಾದರೂ ಅಪಾಯವಿಲ್ಲ. ಅಪಾಯವಿದ್ದಲ್ಲಿ ಮಮತೆ ಸಮರ್ಥನೆಯಾಗದು, ಏಕೆಂದರೆ ಬೇಡವೆನ್ನುವ ಬಾಯಿ ಕೂಸಿಗಿಲ್ಲ.

ಆದ್ದರಿಂದ ಹಿರಿಯರ ಮಾತಿಗೆ ಎದುರಾಡಬೇಕಿಲ್ಲ, ಅವರ ಕೈಗೆ ಎಣ್ಣೆಯ ಬದಲು ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳ ಸೀಸೆ ಕೊಟ್ಟರಾಯಿತು. ತಾಯಿಹಾಲು ನಿಲ್ಲಿಸಬೇಡಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ಕೂಸು ಹಾಲು ಬಿಟ್ಟರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.