ಬಿಡುಗಡೆಯಾದವರು ಕೂತ ನೆಲ

ಮಟ್ಟಾಂಚೇರಿಯ ಪರದೇಶಿ ಸಿನಗಾಗಿನ ನೆಲದ ತುಂಬ ನೀಲಿ ಬಣ್ಣದ ಚೀನೀ ಪಿಂಗಾಣಿ ಬಿಲ್ಲೆಗಳು. ಕೈಯಲ್ಲೇ ಚಿತ್ರ ಬರೆದು, ಹದಿನೆಂಟನೇ ಶತಮಾನದಲ್ಲಿ ಹಡಗಿನಲ್ಲಿ ತಂದದ್ದು. ಚಪ್ಪಲಿ ಹೊರಗೆ ಬಿಟ್ಟು ನಾನೂ ಒಳಗೆ ಹೋದೆ. ಚೆಂದವಾಗಿಲ್ಲ ಅಂತ ಹ್ಯಾಗೆ ಹೇಳಲಿ? ಚೆಂದವೇ. ಆದರೆ ನನ್ನ ಕಣ್ಣು ಹುಡುಕುತ್ತಿದ್ದದ್ದು ಒಳಬಾಗಿಲ ಈಚೆಗಿನ ಪಡಸಾಲೆಯನ್ನು.

1568ರಲ್ಲಿ ಈ ಪ್ರಾರ್ಥನಾ ಮಂದಿರ ಕಟ್ಟಿಕೊಂಡ ‘ಪರದೇಶಿ’ಗಳಲ್ಲಿ ಸ್ಪೇನು, ಪೋರ್ಚುಗಲ್ಲುಗಳಿಂದ ಓಡಿಸಿಕೊಂಡು ಬಂದವರಿದ್ದರು. ಅವರಿಗಿಂತ ಶತಮಾನಗಳ ಮೊದಲೇ ಮಲಬಾರಿನಲ್ಲಿ ಬೇರುಬಿಟ್ಟಿದ್ದ ಯಹೂದಿಗಳನ್ನು ಇವರು ‘ಕರಿಯರು’ ಎಂದು ದೂರವಿಟ್ಟರು. ತಮ್ಮ ಮನೆಯ ಜೀತದಿಂದ ಬಿಡುಗಡೆಯಾಗಿ ಮತಕ್ಕೆ ಸೇರಿದವರನ್ನು, ಅವರ ಮಕ್ಕಳು ಮೊಮ್ಮಕ್ಕಳನ್ನು ‘ಮೆಶುಖ್ರರಿಂ’ ಎಂದರು. ಹೀಬ್ರೂವಿನಲ್ಲಿ ಹಾಗಂದರೆ ಬಿಡುಗಡೆಯಾದವರು. ಎಂಥ ಹೆಸರು ನೋಡಿ! ಬಿಡುಗಡೆಯಾಗಿ ನಾಲ್ಕು ತಲೆಮಾರು ಕಳೆದರೂ ಬಿಡದ ಹೆಸರು. ಅವರಿಗೆ ಒಳಗೆ ಆಸನವಿಲ್ಲ, ಪಡಸಾಲೆಯ ನೆಲವೇ ಗತಿ. ಧರ್ಮಗ್ರಂಥ ಓದುವ ಹಕ್ಕಿಲ್ಲ, ಹೆಣ್ಣು ಕೊಟ್ಟು ತರುವುದಿಲ್ಲ, ಸತ್ತರೆ ಅದೇ ಮಸಣದಲ್ಲಿ ಜಾಗವಿಲ್ಲ. ಹದಿನಾರನೇ ಶತಮಾನದಲ್ಲೇ ಈಜಿಪ್ಟಿನ ಧರ್ಮಪಂಡಿತರಿಗೆ ಕಾಗದ ಬರೆದು ಕೇಳಿದ್ದುಂಟು. ವಿಧಿಯ ಪ್ರಕಾರ ಮುಳುಗು ಹಾಕಿ ಮತಕ್ಕೆ ಬಂದವರು ಪೂರ್ತಿ ಯಹೂದಿಗಳೇ ಎಂದು ಉತ್ತರ ಬಂತು. ಉತ್ತರ ಬಂತು, ಆಚಾರ ಅಲ್ಲೇ ಉಳಿಯಿತು. ಶಾಸ್ತ್ರ ತಮ್ಮ ಕಡೆಗಿದ್ದಾಗ ಶಾಸ್ತ್ರ, ಇಲ್ಲದಿದ್ದಾಗ ಸಂಪ್ರದಾಯ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಜನರ ನಡುವೆ 1882ರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸೇಲಂ. ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಓದಿ, ಮದರಾಸಿನಲ್ಲಿ ಕಾನೂನು ಕಲಿತು ವಕೀಲರಾದರು, ಕೊಚ್ಚಿ ಶಾಸನಸಭೆಯಲ್ಲಿ ಕೂತರು. ಶಾಸನಸಭೆಯಲ್ಲಿ ಕುರ್ಚಿ, ದೇವರ ಮುಂದೆ ಬರೀ ನೆಲ! ಅವರು ಸಿನಗಾಗಿನಲ್ಲೇ ಸತ್ಯಾಗ್ರಹ ಹೂಡಿದರು. ಕಟ್ಟುಪಾಡುಗಳು ಒಂದೊಂದಾಗಿ ಸಡಿಲಗೊಂಡವು.

ಆಮೇಲೆ ಊರೇ ಖಾಲಿಯಾಯಿತು. 1950ರ ದಶಕದಲ್ಲಿ ಮಲಬಾರಿ ಯಹೂದಿಗಳು ಹೆಚ್ಚುಕಡಿಮೆ ಎಲ್ಲರೂ ಇಸ್ರೇಲಿಗೆ ಹೊರಟರು. ಹೊರಡಿಸಲು ಓಡಾಡಿದ ಸೇಲಂ ಮಾತ್ರ ಕೊಚ್ಚಿಯಲ್ಲೇ ಉಳಿದು 1967ರಲ್ಲಿ ತೀರಿಕೊಂಡರು. ಪರದೇಶಿಗಳೂ ಕಾಲಕ್ರಮೇಣ ಕರಗಿದರು. ಸಾಮೂಹಿಕ ಪ್ರಾರ್ಥನೆಗೆ ಪ್ರಾಯ ತುಂಬಿದ ಹತ್ತು ಗಂಡಸರು ಬೇಕು. ಬರೀ ಊರಿನವರಿಂದ ಆ ಹತ್ತು ಈಗ ತುಂಬುವುದಿಲ್ಲ. ಪಡಸಾಲೆಯಲ್ಲಿ ಕೂರಿಸಿದವರನ್ನು ಕಾಲಕಾಲಕ್ಕೆ ಒಳಗೆ ಕರೆದು ಎಣಿಸಿದ್ದರೆ ಎಂದು ಹೇಳಲು ನಾಲಿಗೆ ತುರಿಸುತ್ತದೆ. ಆದರೆ ಅದು ನ್ಯಾಯವಾದ ಮಾತಲ್ಲ. ಇಸ್ರೇಲಿನ ಕರೆಯೇ ದೊಡ್ಡದಿತ್ತು.

ಹಾಗಾದರೆ ಈಗ ಉಳಿಸುವುದು ಏನನ್ನು? ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಗಿನ ಮರಗೆಲಸ ಜೆರುಸಲೇಮಿನ ಮ್ಯೂಸಿಯಮ್ಮಿನಲ್ಲಿ ಜೋಪಾನವಾಗಿದೆ. ಇಲ್ಲಿ ಉಳಿದ ಗೋಡೆ 2019ರ ಮಳೆಗೆ ಕುಸಿಯಿತು. ಚೇಂದಮಂಗಲಂ, ಪರವೂರುಗಳ ಸಿನಗಾಗುಗಳನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಒಳ್ಳೆಯದೇ. ಕುಸಿಯಲಿ ಬಿಡಿ ಎನ್ನುವ ಸಿಟ್ಟು ನನ್ನೊಳಗೆ ಇಲ್ಲದೆ ಇಲ್ಲ. ಆದರೆ ಸೇಲಂ ಆ ಮಂದಿರವನ್ನು ಬೀಳಿಸಲು ಕೂರಲಿಲ್ಲ, ತನ್ನದೂ ಹೌದು ಅನ್ನಲು ಕೂತರು. ಅದು ಅವರದೂ ಆಗಿರುವಾಗ ಬೀಳಲಿ ಎನ್ನಲು ನಾನ್ಯಾರು?

ಇನ್ನೊಂದು ಆಸ್ತಿಯಿದೆ. ಹೆಂಗಸರು ನೋಟುಬುಕ್ಕುಗಳಲ್ಲಿ ಬರೆದಿಟ್ಟುಕೊಂಡ ಮಲಯಾಳಂ ಹಾಡುಗಳು. ಮದುವೆಯವು, ದೇವರವು. ಒಬ್ಬರನ್ನೊಬ್ಬರು ಮುಟ್ಟಿಸಿಕೊಳ್ಳದ ಗುಂಪುಗಳ ಪುಸ್ತಕಗಳಲ್ಲೂ ಅವೇ ಹಾಡುಗಳು ಸಿಕ್ಕಿವೆ. ಗಂಡಸರು ಬಾಗಿಲು ಕಾಯುವಾಗ ಹಾಡು ಯಾವ ಹಿತ್ತಿಲಿಂದ ದಾಟಿತೋ! ವಿದ್ವಾಂಸರಾದ ಬಾರ್ಬರಾ ಜಾನ್ಸನ್, ಸ್ಕರಿಯಾ ಜಕರಿಯಾ ಅವನ್ನು ಕಲೆಹಾಕಿದ್ದಾರೆ. ನನ್ನ ಲೆಕ್ಕದಲ್ಲಿ ಆ ನೀಲಿ ನೆಲಕ್ಕಿಂತ ಇದರ ತೂಕ ಹೆಚ್ಚು.

ಊರಿಗೆ ಬಂದು ಅವ್ವನಿಗೆ ಫೋಟೋ ತೋರಿಸಿದೆ. ಗುಡಿಯ ಜಗಲಿ ಹತ್ತದೆ ಹಣ್ಣುಕಾಯಿ ಕೊಟ್ಟು ಬಂದವಳು ಅವಳು. ದೀಪ, ಬಿಲ್ಲೆ ಎಲ್ಲ ನೋಡಿ, “ಇದಿರ್ಲಿ, ಅವ್ರು ಕುಂತ್ಕತಿದ್ದ ಜಾಗ ಯಾವ್ದು, ಅದ ತೋರ್ಸು” ಅಂದಳು. ಅದರ ಫೋಟೋ ನಾನು ತೆಗೆದಿರಲಿಲ್ಲ.