ಕೊಳ್ಳುವವನ ಮೌನ

ಮಾರುವವನು ಸುಳ್ಳು ಹೇಳಬಾರದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಹಾಲಿಗೆ ನೀರು ಬೆರೆಸಿದವನನ್ನೂ ತಕ್ಕಡಿಯ ತಟ್ಟೆಯ ಅಡಿಗೆ ಹುಣಿಸೆಹಣ್ಣು ಮೆತ್ತಿದವನನ್ನೂ ಬಯ್ಯುವುದಕ್ಕೆ ಧರ್ಮಶಾಸ್ತ್ರ ಓದಿರಬೇಕಾಗಿಲ್ಲ. ಆದರೆ ಕೊಳ್ಳುವವನಿಗೂ ಒಂದು ಧರ್ಮವುಂಟೆ? ಅಂಗಡಿಯವನಿಗೆ ತನ್ನ ಸರಕಿನ ಬೆಲೆ ತಿಳಿಯದು, ಗಿರಾಕಿಗೆ ತಿಳಿದಿದೆ ಎಂದಿಟ್ಟುಕೊಳ್ಳಿ. ಆಗ ಬಾಯಿ ಮುಚ್ಚಿಕೊಂಡು ಹಣ ಎಣಿಸಿಕೊಟ್ಟು ಹೊರಟುಬಿಡುವುದು ಜಾಣತನವೋ ಮೋಸವೋ? ಈ ಪ್ರಶ್ನೆ ನನಗೆ ಗಂಟುಬಿದ್ದದ್ದು ಅಮೆರಿಕದ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ. ಅದಕ್ಕೆ ಕಾರಣವಾದದ್ದು ಧೂಳು ಹಿಡಿದ ಎರಡು ಸ್ಪೀಕರ್ ಪೆಟ್ಟಿಗೆಗಳು.

2023ರ ಬೇಸಗೆಯಲ್ಲಿ ನಾನು ಬಾಸ್ಟನ್ ನಗರದ ಹತ್ತಿರ ತಂಗಿಯ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಆ ಕಡೆ ಥ್ರಿಫ್ಟ್ ಸ್ಟೋರ್ ಎಂಬ ಅಂಗಡಿಗಳು ಊರೂರಿಗೂ ಉಂಟು. ನಮ್ಮ ಗುಜರಿ ಅಂಗಡಿಯ ಹಾಗೆ ಎಂದರೆ ಅರ್ಧ ಮಾತ್ರ ಸರಿಯಾದೀತು. ಗುಜರಿಯವನು ಕಾಸು ಕೊಟ್ಟು ಕೊಳ್ಳುತ್ತಾನೆ. ತಾಮ್ರವೆಷ್ಟು, ಕಬ್ಬಿಣವೆಷ್ಟು ಎಂಬುದು ಅವನಿಗೆ ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ. ಥ್ರಿಫ್ಟ್ ಸ್ಟೋರಿಗಾದರೋ ಜನ ತಮಗೆ ಬೇಡವಾದದ್ದನ್ನು ಸುಮ್ಮನೆ ತಂದುಕೊಡುತ್ತಾರೆ. ಎಷ್ಟೋ ಕಡೆ ಅದನ್ನು ನಡೆಸುವುದು ಒಂದು ಧರ್ಮಸಂಸ್ಥೆ. ಬಂದ ಹಣ ಬಡವರ ಊಟಕ್ಕೋ ಮನೆಯಿಲ್ಲದವರ ವಸತಿಗೋ ಹೋಗುತ್ತದೆ. ಮುದುಕರು ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡಿ ಕಳಿಸಿದ ಸಂಸಾರಗಳೇ ಅಲ್ಲಿ ಬಂದು ಕೂತಿರುತ್ತವೆ. ಪಿಂಗಾಣಿ ಬಟ್ಟಲು, ಹೆಣೆಯುವ ಕಡ್ಡಿ, ಯಾರದೋ ಮದುವೆಯ ಪಟಕ್ಕೆ ಹಾಕಿದ್ದ ಕಟ್ಟು. ಪಟ ಮಾತ್ರ ಇರುವುದಿಲ್ಲ.

ಅಂಥ ಒಂದು ಅಂಗಡಿಯ ಮೂಲೆಯಲ್ಲಿ ನನ್ನ ಸೋದರಳಿಯ ತಟ್ಟನೆ ನಿಂತ. ಆಕ್ರೋಟಿನ ಮರದ ಎರಡು ಪೆಟ್ಟಿಗೆಗಳು. ಒಂದೊಂದೂ ಇಪ್ಪತ್ತನಾಲ್ಕು ಕಿಲೋ ಭಾರ. ಮೇಲೆ 40 ಡಾಲರ್ ಎಂದು ಚೀಟಿ ಅಂಟಿಸಿತ್ತು. ಅವನು ಬಗ್ಗಿ ಹಿಂಬದಿಯ ಹೆಸರು ಓದಿ, ಮೆಲ್ಲಗೆ, “ಮಾವ, ಇಲ್ಲೇ ನಿಂತಿರಿ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ,” ಎಂದ. ಅದು ಎಆರ್-3ಎ.

ಆ ಹೆಸರಿನ ಹಿಂದೆ ಒಂದು ಕಥೆಯಿದೆ, ಸ್ವಲ್ಪ ಹೇಳಬೇಕು. 1950ರ ಸುಮಾರಿನವರೆಗೆ ಮಂದ್ರಸ್ವರವನ್ನು ಸರಿಯಾಗಿ ನುಡಿಸಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬ ನಂಬಿಕೆಯಿತ್ತು. ನ್ಯೂಯಾರ್ಕಿನಲ್ಲಿ ಧ್ವನಿಶಾಸ್ತ್ರ ಪಾಠ ಹೇಳುತ್ತಿದ್ದ ಎಡ್ಗರ್ ವಿಲ್ಚರ್ ಎಂಬಾತ ಬೇರೆ ರೀತಿ ಯೋಚಿಸಿದ. ಸ್ಪೀಕರಿನ ಕಾಗದದ ಆಲಿಕೆ ಹಿಂದಕ್ಕೂ ಮುಂದಕ್ಕೂ ಆಡುವಾಗ ಅದನ್ನು ಮತ್ತೆ ನೆಲೆಗೆ ಎಳೆಯುವುದಕ್ಕೆ ಒಂದು ಬಿಗಿಯಾದ ಅಂಚು ಬೇಕು. ಆ ಬಿಗಿಯೇ ಸ್ವರವನ್ನು ಕೆಡಿಸುತ್ತದೆ. ಅಂಚನ್ನು ಸಡಿಲಬಿಟ್ಟು, ಪೆಟ್ಟಿಗೆಯನ್ನು ಗಾಳಿ ಆಡದ ಹಾಗೆ ಮುಚ್ಚಿಬಿಟ್ಟರೆ? ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗಾಗಿ ಕೆಲಸ ಮಾಡುತ್ತದೆ. ಮೊದಲ ಮಾದರಿಗೆ ಅವನ ಹೆಂಡತಿ ರೋಸ್‌ಮೆರಿ ಹಾಸಿಗೆಯ ಬಟ್ಟೆಯಲ್ಲಿ ಅಂಚು ಹೊಲಿದುಕೊಟ್ಟಳಂತೆ. 1954ರಲ್ಲಿ ಹೆನ್ರಿ ಕ್ಲಾಸ್ ಎಂಬ ತರುಣನೊಡನೆ ಸೇರಿ ಕೇಂಬ್ರಿಜ್ ಊರಿನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆ ಕಟ್ಟಿದ. ಅಂದರೆ ನಾವು ನಿಂತಿದ್ದ ಅಂಗಡಿಯಿಂದ ಅರ್ಧ ಗಂಟೆಯ ದಾರಿ. 1958ರ ಎಆರ್-3 ಬಂದ ಮೇಲೆ ಊರೂರಿನಲ್ಲಿ ಒಂದು ಪರೀಕ್ಷೆ ನಡೆಯಿತು: ವೇದಿಕೆಯ ಮೇಲೆ ನಾಲ್ವರು ವಾದ್ಯಗಾರರು ನುಡಿಸುತ್ತಿದ್ದು ನಡುವೆ ಕಮಾನನ್ನು ತಂತಿಗೆ ತಾಗಿಸದೆ ಆಡಿಸುವರು, ಸ್ಪೀಕರು ಮುಂದುವರಿಸುವುದು; ಬದಲಾದ ಗಳಿಗೆ ಸಭಿಕರಲ್ಲಿ ಹೆಚ್ಚಿನವರಿಗೆ ತಿಳಿಯುತ್ತಿರಲಿಲ್ಲ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲುನಿಲ್ದಾಣದಲ್ಲಿ ಇದೇ ಸಂಸ್ಥೆಯ ಕೊಠಡಿಯೊಂದಿತ್ತು. ಅಲ್ಲಿ ಯಾವುದನ್ನೂ ಮಾರುತ್ತಿರಲಿಲ್ಲ. ಬಂದು ಕೂತು ಕೇಳಿ ಎದ್ದುಹೋಗಬಹುದಿತ್ತು. 1967ರಲ್ಲಿ ಬಂದ 3ಎಯ ಬೆಲೆ ಆಗಲೇ ಒಂದೊಂದಕ್ಕೆ 250 ಡಾಲರಿನ ಆಸುಪಾಸು. ಈಗ ಸರಿಪಡಿಸಿದ ಜೋಡಿಗೆ ಸಾವಿರದ ಮೇಲೆ ಕೊಡುವವರೂ ಇದ್ದಾರೆ.

ನಲವತ್ತು ಎಲ್ಲಿ, ಸಾವಿರ ಎಲ್ಲಿ! ಆದರೆ ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದದ್ದು ಈ ಅಂತರವಲ್ಲ, ಆಮೇಲೆ ನಡೆದದ್ದು. ಹುಡುಗ ಅಲ್ಲೇ ಇದ್ದ ಒಂದು ಹಳೆಯ ಆಂಪ್ಲಿಫೈಯರಿಗೆ ತಂತಿ ಸಿಕ್ಕಿಸಿ ನೋಡಿದ. ಕೆಳಗಿನ ಸ್ವರ ಗೊರಗೊರ ಎಂದಿತು, ಮೇಲಿನ ಸ್ವರ ಇಲ್ಲವೇ ಇಲ್ಲ. ಹಣ ತೆಗೆದುಕೊಳ್ಳುವಲ್ಲಿ ಕೂತಿದ್ದ ಮುದುಕಿ ಸಂಬಳವಿಲ್ಲದೆ ಸೇವೆಗೆ ಬರುವಾಕೆ, “ಹಾಡುತ್ತವೆಯೇನಪ್ಪ?” ಎಂದು ಕೇಳಿದಳು. “ಮೇಲಿನ ಭಾಗ ಸದ್ದೇ ಮಾಡುತ್ತಿಲ್ಲ, ಅಂಚು ಪುಡಿಯಾಗಿದೆ,” ಎಂದ ಇವನು. ಒಂದಕ್ಷರವೂ ಸುಳ್ಳಲ್ಲ. ಆಕೆಗೆ ಪಾಪ ಎನ್ನಿಸಿರಬೇಕು. “ಹಾಗಾದರೆ ಮೂವತ್ತು ಕೊಡು,” ಎಂದಳು. ಕೊಟ್ಟ. ಕಾರಿನಲ್ಲಿ ಪೆಟ್ಟಿಗೆಗಳನ್ನಿಟ್ಟು ಬಾಗಿಲು ಹಾಕಿಕೊಂಡ ಮೇಲೆ ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ.

ಮುಂದಿನ ಮೂರು ವಾರ ಅವನ ಮನೆಯ ನೆಲಮಾಳಿಗೆಯಲ್ಲಿ ಕಳೆದವು. ಆ ಕಾಲದ ಫೋಮ್ ಅಂಚುಗಳು ಇಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಗಾಳಿಯಲ್ಲಿ ತಾವೇ ಜಿನುಗಿ, ಮುಟ್ಟಿದರೆ ಹಳೆಯ ಬೆಲ್ಲದ ಹಾಗೆ ಬೆರಳಿಗೆ ಅಂಟುತ್ತವೆ. ಅಂಚು ಹರಿದರೆ ಪೆಟ್ಟಿಗೆಯ ಗಾಳಿ ಸೋರುತ್ತದೆ, ವಿಲ್ಚರನ ಯೋಚನೆಯೆಲ್ಲ ಅಲ್ಲಿಗೆ ಮುಗಿಯಿತು. ಅಂಟನ್ನು ಎಳೆಎಳೆಯಾಗಿ ಕೆರೆದು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತನಿಗೆ ತಕ್ಕ ಕೆಲಸ. ಒಳಗೆ ತುಂಬಿದ್ದ ಗಾಜಿನ ನಾರು ತಗಲಿ ಎರಡು ದಿನ ಮೈ ತುರಿಸಿತು. ಹೊಸ ಅಂಚು ಅಂಟಿಸುವಾಗ ಆಲಿಕೆ ನಟ್ಟನಡುವೆ ಕೂರಬೇಕು. ಕೂದಲೆಳೆಯಷ್ಟು ಓರೆಯಾದರೂ ಒಳಗಿನ ತಂತಿಯ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತದೆ. ಅದಕ್ಕೆ ಅವನು ಸೆಕೆಂಡಿಗೆ ಮೂವತ್ತು ಸಲ ಅಲುಗುವ ಸಣ್ಣ ಸ್ವರವೊಂದನ್ನು ಹಚ್ಚಿ, ಅಂಟು ಒಣಗುವವರೆಗೆ ಕಿವಿಗೊಟ್ಟು ಕೂತ. ಹಳೆಯ ಕೆಪಾಸಿಟರುಗಳನ್ನು ಬದಲಾಯಿಸಿದ್ದಾಯಿತು. ಮೇಲಿನ ಸ್ವರ ಸತ್ತಿರಲಿಲ್ಲ; ಹಿಂಬದಿಯಲ್ಲಿ ಅದನ್ನು ಏರಿಸಿ ಇಳಿಸುವ ತಿರುಗಣೆಯ ಒಳಗೆ ಕಿಲುಬು ಹತ್ತಿತ್ತು, ಅಷ್ಟೆ. ಬಿಚ್ಚಿ, ತಿಕ್ಕಿ, ಮತ್ತೆ ಕೂಡಿಸಿದ. ಅರ್ಧ ಗಂಟೆ ಹಿಡಿಯಿತು. “ಇದು ಹೀಗೇ ಇರುತ್ತದೆಂದು ಅಂಗಡಿಯಲ್ಲೇ ಗೊತ್ತಿತ್ತು ಮಾವ, ಈ ಮಾದರಿಗೆಲ್ಲ ಬರುವ ಕಾಯಿಲೆ,” ಎಂದು ಹೆಮ್ಮೆಯಿಂದ ಹೇಳಿದ. ಆ ಮಾತು ಕೇಳಿದಾಗ ನನ್ನ ನಗು ಹಿಂದಕ್ಕೆ ಹೋಯಿತು.

ನಾಗಸೇನನು ಮಿಲಿಂದ ರಾಜನನ್ನು ರಥದ ವಿಷಯ ಕೇಳಿದ ಹಾಗೆ, ಇಷ್ಟೆಲ್ಲ ಬದಲಾದ ಮೇಲೆ ಇದು ಹಳೆಯ ಪೆಟ್ಟಿಗೆಯೇ ಎಂದು ಕೇಳಬಹುದು. ನನಗೆ ಅದು ಅಷ್ಟು ಕಷ್ಟದ ಪ್ರಶ್ನೆಯಾಗಿ ತೋರಲಿಲ್ಲ. ಓಲೆಗರಿ ಸವೆದಾಗ ಹೊಸ ಗರಿಗೆ ಪ್ರತಿ ಎತ್ತುವವನು ಕಾವ್ಯವನ್ನು ಉಳಿಸುತ್ತಾನೆ. ತನಗೆ ಹಿಡಿಸದ ಪದವನ್ನು ತಿದ್ದಿದರೆ ಕೆಡಿಸುತ್ತಾನೆ. ಈ ಸ್ಪೀಕರಿನ ಮೇಲಿನ ಸ್ವರ ಈ ಕಾಲದ ಕಿವಿಗೆ ಸ್ವಲ್ಪ ಮೆತ್ತಗೆ. ಹೆಚ್ಚು ಥಳಥಳಿಸುವ ಹೊಸ ಭಾಗ ಹಾಕಬಹುದಿತ್ತು, ಹುಡುಗ ಹಾಕಲಿಲ್ಲ. ವಸ್ತುವಿನ ವಿಷಯದಲ್ಲಿ ಅಷ್ಟು ಪ್ರಾಮಾಣಿಕನಾದವನು ಮನುಷ್ಯರ ವಿಷಯದಲ್ಲಿ ಯಾಕೆ ಸಡಿಲವಾದ ಎಂಬುದೇ ನನಗೆ ಸೋಜಿಗ.

ಕೊನೆಗೊಂದು ಸಂಜೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಾಕಿದ. ಮೀಟಿದ ನಾದ ತಂತಿಯಿಂದ ಬಿಟ್ಟು ಕುಡಿಕೆಯೊಳಗೆ ಇಳಿಯುವುದು, ಮಂದ್ರದ ತಂತಿ ನಿಂತಮೇಲೂ ಮರ ಗುನುಗುವುದು ಎಲ್ಲ ಕೇಳಿಸಿತು. ಕೇಳುತ್ತ ಕೇಳುತ್ತ ನನಗೆ ಆ ಮುದುಕಿಯ ನೆನಪಾಯಿತು. “ಅವಳಿಗೆ ಹೇಳಬೇಕಿತ್ತು ಕಣೋ,” ಎಂದೆ.

ಅವನು ವಾದಕ್ಕೆ ಸಿದ್ಧನಾಗಿಯೇ ಇದ್ದ. ಬೆಲೆ ಹಾಕಿದವರು ಅವರು. ಹೆಸರು ಹಿಂಬದಿಯಲ್ಲೇ ಬರೆದಿತ್ತು, ಬೇಕಾದರೆ ಅವರೂ ಫೋನಿನಲ್ಲಿ ನೋಡಬಹುದಿತ್ತು. ಕಷ್ಟ ಪಟ್ಟವರು ನಾವು. ನಾವು ಕೊಳ್ಳದಿದ್ದರೆ ಈ ಭಾರದ ಪೆಟ್ಟಿಗೆ ಇನ್ನೊಂದು ತಿಂಗಳಲ್ಲಿ ಕಸಕ್ಕೆ ಹೋಗುತ್ತಿತ್ತು. ಮೊದಲ ಎರಡು ವಾದಗಳು ನನಗೆ ಲೆಕ್ಕಕ್ಕೆ ಬರಲಿಲ್ಲ. ಬೀಗ ಹಾಕದ ಮನೆಯ ವಿಷಯದಲ್ಲೂ ಹಾಗೆ ವಾದಿಸಬಹುದು. ಕಷ್ಟದ ಮಾತು ನಿಜ. ಆದರೆ ಕಷ್ಟ ಪಡುವ ಮೊದಲೇ, ಕೆಟ್ಟ ಸ್ಥಿತಿಯಲ್ಲೇ, ಆ ಜೋಡಿಗೆ ಮೂವತ್ತಕ್ಕಿಂತ ಬಹಳ ಹೆಚ್ಚು ಬೆಲೆಯಿತ್ತೆಂದು ಅವನೇ ಬಲ್ಲ. ಕಸಕ್ಕೆ ಹೋಗುತ್ತಿತ್ತೆಂಬುದು ಗಟ್ಟಿಯಾದ ವಾದ. ಅದಕ್ಕೆ ನಾನು, “ಹೊಳೆಯಲ್ಲಿ ಕೊಚ್ಚಿಹೋಗುವವನನ್ನು ಎತ್ತಿದೆಯೆಂದು ಅವನ ಉಂಗುರ ಬಿಚ್ಚಿಕೊಳ್ಳುತ್ತೀಯೇನೋ?” ಎಂದೆ. ಅವನು ನಕ್ಕುಬಿಟ್ಟ. ಒಪ್ಪಲಿಲ್ಲ.

ನಾನೂ ಅವನನ್ನು ಪೂರ್ತಿ ತಳ್ಳಿಹಾಕಲಾರೆ. ತಿಳಿದವನಿಗೆ ತಿಳಿವಿನಿಂದ ಏನೂ ಸಿಗದೆಂದಾದರೆ ಹಳೆಯ ಅಂಗಡಿಗಳ ಧೂಳಿನಲ್ಲಿ ಕೈಯಾಡಿಸುವವರು ಯಾರು? ಕಸುಬಿನ ವ್ಯಾಪಾರಿಯ ಹತ್ತಿರ ಹೀಗೆಯೇ ಕೊಂಡಿದ್ದರೆ ನನಗೆ ನಿದ್ರೆ ಕೆಡುತ್ತಿರಲಿಲ್ಲ. ಬೆಲೆ ತಿಳಿಯುವುದು ಅವನ ಕಸುಬು, ತಪ್ಪಿದರೆ ನಷ್ಟವೂ ಅವನದೇ. ಈ ಮುದುಕಿಗೆ ಅದು ಕಸುಬಲ್ಲ. ನಷ್ಟ ಅವಳದೂ ಅಲ್ಲ. ನಷ್ಟ ಯಾರದೋ ಊಟದ ಸಾಲಿನಲ್ಲಿ ನಿಂತವರದು; ಅವರನ್ನು ನಾವು ನೋಡಲಿಲ್ಲ, ನೋಡುವುದೂ ಇಲ್ಲ. ಮಹಾಭಾರತದ ತುಲಾಧಾರನ ತಕ್ಕಡಿ ಎಲ್ಲರಿಗೂ ಸಮನಾಗಿತ್ತೆಂದು ಓದಿದ್ದೇವೆ. ತಟ್ಟೆಯಲ್ಲಿರುವುದು ಏನೆಂಬುದು ಒಬ್ಬನಿಗೆ ಮಾತ್ರ ಗೊತ್ತಿದ್ದಾಗ ತಕ್ಕಡಿ ಸಮನಾಗಿದ್ದೂ ಏನು ಪ್ರಯೋಜನ?

ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಮಗನಿಗೆಂದು ಬರೆದ ಕರ್ತವ್ಯಗಳ ಗ್ರಂಥದಲ್ಲಿ ಇಂಥದೇ ಜಗಳವಿದೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದ ವ್ಯಾಪಾರಿಗೆ ಹಿಂದೆ ಇನ್ನೂ ಹಡಗುಗಳು ಬರುತ್ತಿವೆಯೆಂದು ಗೊತ್ತು. ಹೇಳಬೇಕೆ? ಗುರು ಡಯೋಜಿನೀಸ್, ಹೇಳದಿರುವುದು ಬೇರೆ, ಬಚ್ಚಿಡುವುದು ಬೇರೆ ಎನ್ನುತ್ತಾನೆ. ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ಸಿಸೆರೊ ಶಿಷ್ಯನ ಕಡೆ. ಅವೆಲ್ಲ ಮಾರುವವನ ಮಾತು. ಕೊಳ್ಳುವವನ ವಿಷಯವೂ ಅಲ್ಲೇ ಒಂದು ಕಡೆ ಬರುತ್ತದೆ. ಸ್ಕೀವೊಲಾ ಎಂಬಾತ ಒಂದು ಜಮೀನು ಕೊಳ್ಳಹೋಗಿ, ಒಂದೇ ಮಾತಿನಲ್ಲಿ ಬೆಲೆ ಹೇಳೆಂದ. ಒಡೆಯ ಹೇಳಿದ. “ನನ್ನ ಎಣಿಕೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು,” ಎಂದು ಸ್ಕೀವೊಲಾ ಒಂದು ಲಕ್ಷ ನಾಣ್ಯ ಮೇಲೆ ಸೇರಿಸಿ ಕೊಟ್ಟ. ಅವನು ಒಳ್ಳೆಯವನೆಂದು ಎಲ್ಲರೂ ಒಪ್ಪಿದರಂತೆ; ಬುದ್ಧಿವಂತನೆಂದು ಮಾತ್ರ ಒಪ್ಪಲಿಲ್ಲವಂತೆ. ಎರಡು ಸಾವಿರ ವರ್ಷ ಕಳೆದರೂ ಈ ಎರಡು ಮಾತಿಗೆ ನಾವು ಬೇರೆಬೇರೆ ಪೆಟ್ಟಿಗೆ ಇಟ್ಟುಕೊಂಡಿರುವುದು ತಪ್ಪಲಿಲ್ಲ. ಆ ವಿಲ್ಚರ್ ಕೂಡ 1967ರಲ್ಲಿ ಕಂಪನಿಯನ್ನು ಮಾರಿದ ಮೇಲೆ ಕಿವುಡರ ಶ್ರವಣಯಂತ್ರದ ವಿಷಯದಲ್ಲಿ ಕೆಲಸ ಮಾಡಿ, ಕಂಡುಕೊಂಡದ್ದಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ತಿಳಿಯಲೆಂದು ಪ್ರಕಟಿಸಿದ. ಅವನನ್ನೂ ಯಾರಾದರೂ ದಡ್ಡನೆಂದಿರಬೇಕು.

ಹೊರಡುವ ಹಿಂದಿನ ಶನಿವಾರ ನಾನೇ ಅಂಗಡಿಗೆ ಹೋದೆ. ಇನ್ನೂರು ಡಾಲರ್ ತೆಗೆದಿಟ್ಟು, ಸ್ಪೀಕರಿಗೆ ಕೊಡಬೇಕಾಗಿದ್ದ ಬಾಕಿ ಎಂದೆ. ಇನ್ನೂರೇ ಏಕೆ? ನನ್ನ ಧರ್ಮಬುದ್ಧಿ ಅಷ್ಟಕ್ಕೆ ನಿಂತಿತು, ಬೇರೆ ಕಾರಣವಿಲ್ಲ. ಅದೇ ಮುದುಕಿ ಕನ್ನಡಕದ ಮೇಲಿಂದ ನೋಡಿದಳು. ಬಾಕಿಯೆಂದು ಬರೆಯುವುದಕ್ಕೆ ಯಂತ್ರದಲ್ಲಿ ಬರುವುದಿಲ್ಲ. ಮಾರಾಟವೆಂದರೆ ಸಾಮಾನು ಬೇಕು. ದಾನವೆಂದು ಬರೆಯಲೇ ಎಂದಳು. ದಾನವಲ್ಲ ಎಂದೆ. ತಿರುಗಿ ವಿವರಿಸಹೊರಟೆ, ಹಿಂದೆ ಮೂವರು ಸಾಲಿನಲ್ಲಿ ಕಾಯುತ್ತಿದ್ದರು. ಆಕೆ ದಾನವೆಂದೇ ರಸೀತಿ ಹರಿದು, ಬಹಳ ಸಂತೋಷವೆಂದು ಕೈ ಹಿಡಿದು ಕುಲುಕಿದಳು.

ಮನೆಗೆ ಬಂದು ಹುಡುಗನಿಗೆ ಹೇಳಿದಾಗ ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ ರಸೀತಿಯನ್ನು ಕೈಗೆ ತೆಗೆದುಕೊಂಡು ನೋಡಿ, “ಮಾವ, ನನ್ನ ಹೆಸರಿನಲ್ಲಿ ಬರೆಸಿದ್ದರೆ ತೆರಿಗೆಯಲ್ಲಿ ಕಳೆಯಬಹುದಿತ್ತಲ್ಲ,” ಎಂದ.